ಸುಣ್ಣದ ಗೋಡೆಯ ಕೋಣೆ

ಪುದುಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟ್‌ಗೆ ಓಲೆಗರಿ ನೋಡಲು ಹೋಗುವ ನಮ್ಮಂಥವರು ಸಾಮಾನ್ಯವಾಗಿ ಬಸ್‌ಸ್ಟ್ಯಾಂಡ್ ಹತ್ತಿರದ ಲಾಡ್ಜುಗಳಲ್ಲಿ ಉಳಿಯುತ್ತೇವೆ. ಮೊದಲೆರಡು ಸಲ ನಾನೂ ಹಾಗೇ ಉಳಿದಿದ್ದೆ. ಮೂರನೆಯ ಸಲ ಹೋದದ್ದು ಮೇ ತಿಂಗಳಲ್ಲಿ. ತಮಿಳರು ಕತ್ತಿರಿ ಬಿಸಿಲು ಎಂದು ಕರೆಯುವ ದಿನಗಳು. ಆ ಸೆಕೆಗೆ ಹೆದರಿ ಪ್ರವಾಸಿಗರು ಬರುವುದಿಲ್ಲವಾದ್ದರಿಂದ ಊರಿನ ಸಣ್ಣಪುಟ್ಟ ಹೆರಿಟೇಜ್ ಹೋಟೆಲುಗಳು ದರವನ್ನು ಅರ್ಧಕ್ಕೆ ಇಳಿಸಿದ್ದವು. ಆ ಅರ್ಧವೂ ನನ್ನ ಲಾಡ್ಜಿನ ಮೂರು ಪಟ್ಟು. ಆದರೂ ನಾಲ್ಕು ರಾತ್ರಿಗೆ ಬುಕ್ ಮಾಡಿದೆ. ಆಮೇಲೆ ಆ ಬಿಲ್ಲನ್ನು ವಿಭಾಗದ ಗುಮಾಸ್ತರ ಮುಂದಿಟ್ಟಾಗ ಅವರು ಕನ್ನಡಕ ಮೇಲೆತ್ತಿ, "ಹೆರಿಟೇಜ್ ಅಂದ್ರೆ ಎಷ್ಟು ಸ್ಟಾರ್ ಮೇಡಂ?" ಎಂದು ಕೇಳಿದರು. ಸ್ಟಾರ್ ಇಲ್ಲ ಸಾರ್, ಹಳೇ ಮನೆ ಎಂದೆ. ಹಳೇ ಮನೆಗೆ ಇಷ್ಟು ದುಡ್ಡಾ ಎನ್ನುವ ಹಾಗೆ ನೋಡಿದರು.

ಪುದುಚೇರಿಯ ಹಳೆಯ ಊರನ್ನು ಒಂದು ಕಾಲುವೆ ಎರಡು ಭಾಗ ಮಾಡಿದೆ. ಕಾಲುವೆಯ ಪೂರ್ವಕ್ಕೆ, ಕಡಲಿನ ಕಡೆ, ಫ್ರೆಂಚರ ಬೀದಿಗಳು. ಪಶ್ಚಿಮಕ್ಕೆ ತಮಿಳರ ಬೀದಿಗಳು. ಎಲ್ಲರ ಫೋಟೊಗಳಲ್ಲೂ ಬರುವ ಹಳದಿ ಗೋಡೆ, ಅದರ ಮೇಲೆ ಬಾಗಿದ ಕಾಗದದ ಹೂವಿನ ಬಳ್ಳಿ ಪೂರ್ವ ಭಾಗದ್ದು. ಅಲ್ಲಿನ ಮನೆಗಳು ಎತ್ತರದ ಕಾಂಪೌಂಡಿನ ಹಿಂದೆ ಅಡಗಿ ಕೂತಿವೆ. ತಮಿಳರ ಮನೆಗಳದ್ದು ಬೇರೆ ಸ್ವಭಾವ. ಅವು ಬೀದಿಗೆ ಮುಖ ಕೊಟ್ಟು, ಹೋಗಿಬರುವವರನ್ನು ಮಾತಾಡಿಸುವ ಹಾಗೆ ನಿಂತಿವೆ. ಮುಂದೆ ಮರದ ಕಂಬಗಳ ಮೇಲೆ ಹೆಂಚಿನ ಇಳಿಮಾಡು, ಅದಕ್ಕೆ ತಾಳ್ವಾರಂ ಎನ್ನುತ್ತಾರೆ. ಅದರ ಒಳಗೆ ತಿಣ್ಣೈ, ಅಂದರೆ ನಮ್ಮ ಜಗಲಿ. ಬಾಗಿಲು ದಾಟಿ ಇಕ್ಕಟ್ಟಾದ ನಡೆಯಲ್ಲಿ ಹೋದರೆ ನಡುವೆ ಆಕಾಶಕ್ಕೆ ತೆರೆದ ಮುಟ್ರಂ, ಅಂದರೆ ನಮ್ಮ ತೊಟ್ಟಿ. ಇಷ್ಟು ನಮಗೆ ಗೊತ್ತಿರುವ ಮನೆಯೇ. ತಲೆಯೆತ್ತಿ ನೋಡಿದಾಗ ಮಾತ್ರ ಊರು ಬದಲಾಗುತ್ತದೆ. ಮಹಡಿಯಲ್ಲಿ ಕಮಾನಿನ ಕಿಟಕಿ, ಗೋಡೆಗೆ ಅಂಟಿದ ಅರೆಗಂಬ, ಗಾರೆಯಲ್ಲಿ ತೀಡಿದ ಪಟ್ಟಿ. ಕೆಳಗೆ ತಮಿಳು, ಮೇಲೆ ಫ್ರೆಂಚು. ಹಣವಂತ ವರ್ತಕರು ಹಾಗೆ ಕಟ್ಟಿಸಿಕೊಂಡರು. ಊಟ, ಪೂಜೆ, ಬಾಣಂತನ ಕೆಳಗೆ. ದೊಡ್ಡವರ ಭೇಟಿ ಮೇಲೆ.

ನಾನು ಉಳಿದದ್ದು ಅಂಥದೊಂದು ಮನೆಯಲ್ಲಿ. ಒಟ್ಟು ಎಂಟು ಕೋಣೆ. ನನ್ನದು ಕೆಳಗಿನ ಅಂತಸ್ತಿನ ಹಿಂಭಾಗದಲ್ಲಿತ್ತು, ಅತಿ ಕಡಿಮೆ ದರದ್ದು. ಮೊದಲು ಅದು ಉಗ್ರಾಣವಾಗಿತ್ತು ಎಂದು ಮ್ಯಾನೇಜರ್ ಹೇಳಿದ. ವಿಳುಪ್ಪುರಂ ಕಡೆಯ ಹುಡುಗ, ನನಗಿಂತ ಚಿಕ್ಕವನು. ಎಲ್ಲ ಅತಿಥಿಗಳಿಗೂ ಮನೆಯನ್ನು ಒಂದು ಸುತ್ತು ತೋರಿಸುವುದು ಅವನ ಕೆಲಸ. ಕಂಬ ತೋರಿಸಿ ಬರ್ಮಾ ತೇಗ ಎಂದ. ಮೇಲೆ ನೋಡಿ, ಮದ್ರಾಸ್ ತಾರಸಿ ಎಂದ. ಮರದ ಜಂತೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿ ಸುಣ್ಣದಲ್ಲಿ ಕೂರಿಸಿದ ಸೂರು. ನಮ್ಮ ಕಡೆಯ ಹಳೆಯ ಮನೆಗಳಲ್ಲೂ, ಮೈಸೂರಿನ ಅಗ್ರಹಾರದಲ್ಲೂ ಅದೇ ಹೆಸರು, ಅದೇ ಕೆಲಸ.

ಎರಡನೆಯ ರಾತ್ರಿ ಕರೆಂಟು ಹೋಯಿತು. ಜನರೇಟರು ಎರಡು ಸಲ ಗುರುಗುಟ್ಟಿ ಸುಮ್ಮನಾಯಿತು. ಏಸಿ ಇಲ್ಲದ ಮೇಲೆ ಆ ಕೋಣೆ ತಂಪಾಗಿಯೇ ಇತ್ತು ಎಂದರೆ ಸುಳ್ಳಾದೀತು. ಕಡಲ ತೀರದ ಬೆವರು ಬೆವರೇ. ಆದರೆ ನಮ್ಮೂರಿನ ಮನೆಯಲ್ಲಿ ಮೇ ತಿಂಗಳ ರಾತ್ರಿ ತಾರಸಿ ಕೆಂಡ ಉಗುಳುವ ಹಾಗೆ ಇಲ್ಲಿ ಆಗಲಿಲ್ಲ. ಕತ್ತಲಲ್ಲಿ ಗೋಡೆಗೆ ಅಂಗೈ ಇಟ್ಟೆ. ಎರಡಡಿ ದಪ್ಪದ ಗೋಡೆ, ಮೊಟ್ಟೆಯ ಚಿಪ್ಪಿನ ಹಾಗೆ ನುಣುಪು, ತಣ್ಣಗೆ. ಬೆನ್ನು ಆನಿಸಿ ಕೂತೆ.

ಮರುದಿನ ಅಪ್ಪನಿಗೆ ಫೋನು ಮಾಡಿ ಹೇಳಿದೆ. "ಇಲ್ಲಿ ಗೋಡೆಗೆ ಸುಣ್ಣದ ಗಾರೆ ಹಾಕವ್ರಪ್ಪ."

"ಯಾವ ಕಾಲದ್ದವ್ವ?"

"ಮನೆ ಹಳೇದು. ಗಾರೆ ಹೊಸದಂತೆ, ಏಳೆಂಟು ವರ್ಷ ಆಗದೆ."

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ ಅಪ್ಪ, "ಹೊಸದಾ? ಮಾಡೋರು ಇನ್ನೂ ಅವ್ರಾ?" ಅಂದ.

ಅಪ್ಪ ಗಾರೆ ಮೇಸ್ತ್ರಿ. ಮಳವಳ್ಳಿ ಕಡೆಯವರು ನಾವು. ಅಪ್ಪನ ಅಪ್ಪನೂ ಗಾರೆ ಮೇಸ್ತ್ರಿಯೇ. ಆದರೆ ಇಬ್ಬರ ಕೆಲಸವೂ ಒಂದಲ್ಲ. ಕನ್ನಡದಲ್ಲಿ ಗಾರೆ ಅಂದರೆ ಸುಣ್ಣ ಮರಳು ಅರೆದು ಮಾಡಿದ ಗಚ್ಚು. ಸಿಮೆಂಟು ಬಂದಮೇಲೆ ಸುಣ್ಣ ಹೋಯಿತು, ಹೆಸರು ಉಳಿಯಿತು. ಈಗ ಗಾರೆ ಕೆಲಸದವರು ಎಂದು ಕರೆಸಿಕೊಳ್ಳುವ ಯಾರೂ ಗಾರೆ ಮುಟ್ಟಿದವರಲ್ಲ. ನಿಘಂಟು ಮಾಡುವವರಿಗೆ ಇದು ಅರ್ಥವ್ಯತ್ಯಾಸ. ನಮ್ಮ ಮನೆಯಲ್ಲಿ ತಾತನಿಗೂ ಅಪ್ಪನಿಗೂ ಇರುವ ವ್ಯತ್ಯಾಸ ಅದೇ.

ತಾತನ ಗಾರೆಯ ಕಥೆ ಅಪ್ಪನ ಬಾಯಲ್ಲಿ ಕೇಳಿದ್ದು. ಸುಟ್ಟ ಸುಣ್ಣದ ಕಲ್ಲನ್ನು ಹೊಂಡದ ನೀರಿಗೆ ಹಾಕಿದರೆ ಕೊತಕೊತ ಕುದಿಯುತ್ತದೆ. ಅದನ್ನು ವಾರಗಟ್ಟಲೆ ಹಾಗೇ ಕೊಳೆಯಲು ಬಿಡಬೇಕು. ಆಮೇಲೆ ಮರಳು ಸೇರಿಸಿ, ದುಂಡನೆಯ ಕಾಲುವೆಯಂಥ ಗಾಣದಲ್ಲಿ ಹಾಕಿ, ಎತ್ತು ಕಟ್ಟಿ, ಕಲ್ಲಿನ ಚಕ್ರದಿಂದ ಅರೆಯಬೇಕು. ಎಂಟೊಂಬತ್ತು ವರ್ಷದ ಅಪ್ಪನ ಕೆಲಸ ಎತ್ತಿನ ಹಿಂದೆ ಸುತ್ತುವುದು. ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಹುಳಿ ಬಂದು ನಾರುತ್ತಿತ್ತು; ಅದನ್ನು ಗಾರೆಗೆ ಬೆರೆಸುತ್ತಿದ್ದರು. ಕೊನೆಯ ಪದರಕ್ಕೆ ನುಣ್ಣನೆಯ ಸುಣ್ಣ, ಮೊಟ್ಟೆಯ ಬಿಳಿ. ಅದನ್ನು ಹೊಳೆಯ ಕಲ್ಲಿನಿಂದ ಉಜ್ಜಿ ಉಜ್ಜಿ ಮಿರುಗಿಸುವುದು. ಸಿಮೆಂಟು ನೀರು ಕುಡಿದು ಕೆಲವು ಗಂಟೆಗಳಲ್ಲಿ ಗಟ್ಟಿಯಾಗುತ್ತದೆ. ಸುಣ್ಣ ಗಾಳಿಯನ್ನು ತಿಂದು, ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಅದಕ್ಕೆ ತಿಂಗಳುಗಳು, ದಪ್ಪ ಗೋಡೆಯಾದರೆ ವರ್ಷಗಳೇ ಬೇಕು.

ತಾತ ನಮ್ಮ ಸುತ್ತಿನ ಊರುಗಳಲ್ಲಿ ನಾಲ್ಕು ತೊಟ್ಟಿಮನೆಗಳಿಗೆ ಕೆಲಸ ಮಾಡಿದ್ದ. ಅದರಲ್ಲಿ ಒಂದು ಇನ್ನೂ ನಿಂತಿದೆ. ಗೃಹಪ್ರವೇಶದ ಹಿಂದಿನ ದಿನ ಸಂಜೆಯವರೆಗೂ ದೇವರ ಕೋಣೆಯ ಗೋಡೆ ತೀಡುತ್ತಿದ್ದವನು ಮರುದಿನ ಬೆಳಿಗ್ಗೆ ಜಗಲಿಯ ಕೆಳಗೆ ನಿಂತು ವೀಳ್ಯ ತೆಗೆದುಕೊಂಡನಂತೆ. ಊಟಕ್ಕೆ ಎಲೆ ಹಾಕಿದ್ದು ಹಿತ್ತಲಿನಲ್ಲಿ. ಆ ಮನೆಯ ಒಳಗೆ ಆಮೇಲೆ ಎಂದೂ ಹೋಗಲಿಲ್ಲ. ಇದನ್ನು ಅಪ್ಪ ಸಿಟ್ಟಿನಿಂದ ಹೇಳಿದ್ದು ನೆನಪಿಲ್ಲ. ಆಗ ಹಂಗಿತ್ತು ಕಣವ್ವ ಎಂದು, ಮಳೆ ಬಂದಿತ್ತು ಎನ್ನುವ ಹಾಗೆ ಹೇಳುತ್ತಾನೆ. ಸಿಟ್ಟು ನನಗೆ ಬರುತ್ತದೆ, ಅದೂ ಇಂಥ ಹೋಟೆಲುಗಳಲ್ಲಿ. ಆಧಾರ್ ಕಾರ್ಡಿನ ಫೋಟೊ ಕಳಿಸಿ, ಯುಪಿಐನಲ್ಲಿ ಮುಂಗಡ ಕಟ್ಟಿ, ಚಪ್ಪಲಿ ಹಾಕಿಕೊಂಡೇ ಜಗಲಿ, ನಡೆ, ತೊಟ್ಟಿ ದಾಟಿ ಉಗ್ರಾಣದಲ್ಲಿ ಮಲಗುತ್ತೇನೆ. ಯಾರ ಮಗಳು ಎಂದು ಯಾರೂ ಕೇಳುವುದಿಲ್ಲ. ದುಡ್ಡು ಮಾಡಿದ ಈ ಉಪಕಾರವನ್ನು ಕಡಿಮೆ ಅನ್ನಲಾರೆ.

ಹಗಲೆಲ್ಲ ನಾನು ಇನ್‌ಸ್ಟಿಟ್ಯೂಟ್‌ನಲ್ಲಿ ಇರುತ್ತಿದ್ದೆ. 1955ರಲ್ಲಿ ಶುರುವಾದ ಸಂಸ್ಥೆ ಅದು. ದಕ್ಷಿಣ ಭಾರತದ ದೇವಸ್ಥಾನಗಳಿಂದ, ಅರ್ಚಕರ ಮನೆಗಳಿಂದ ಕೂಡಿಸಿದ ಶೈವ ಹಸ್ತಪ್ರತಿಗಳು ಅಲ್ಲಿವೆ. ಪುದುಚೇರಿಯ ಆ ಸಂಗ್ರಹಕ್ಕೆ 2005ರಲ್ಲಿ ಯುನೆಸ್ಕೋದ ವಿಶ್ವಸ್ಮೃತಿ ಪಟ್ಟಿಯಲ್ಲಿ ಜಾಗ ಸಿಕ್ಕಿತು. ನಾನು ಓದುವುದು ಗ್ರಂಥದ ತಿರುಳನ್ನಲ್ಲ, ಬಾಲವನ್ನು. ಕೊನೆಯ ಗರಿಯಲ್ಲಿ ಲಿಪಿಕಾರ ಬರೆದುಕೊಂಡ ನಾಲ್ಕು ಮಾತು: ಸಂವತ್ಸರ, ಮಾಸ, ತಿಥಿ, ತನ್ನ ಹೆಸರು, ಅಪ್ಪನ ಹೆಸರು, ಯಾರಿಗಾಗಿ ಬರೆದದ್ದು, ತಪ್ಪಿದ್ದರೆ ಕ್ಷಮಿಸಿ ಎಂಬ ಕೋರಿಕೆ. ಬೆನ್ನು ಸೊಂಟ ಕುತ್ತಿಗೆ ನೋಯಿಸಿಕೊಂಡು ಬರೆದಿದ್ದೇನೆ, ಜೋಪಾನ ಮಾಡಿ ಎನ್ನುವ ಅರ್ಥದ ಮಾತು ದೇಶದ ತುಂಬ ಹಸ್ತಪ್ರತಿಗಳಲ್ಲಿ ಸಿಗುತ್ತದೆ. ಎಲ್ಲರೂ ನಕಲು ಮಾಡಿದ ಸಿದ್ಧಮಾತೇ ಅದು. ಆದರೂ ನಕಲು ಮಾಡಿದವನ ಬೆನ್ನು ನೋಯದೆ ಇರಲಿಲ್ಲವಲ್ಲ.

ಸಂಜೆ ಹೋಟೆಲಿಗೆ ಬಂದರೆ ನಡೆಯ ಗೋಡೆಯ ಮೇಲೊಂದು ಫಲಕ. ಕಟ್ಟಿಸಿದ ವರ್ತಕರ ಹೆಸರಿದೆ, ಜೀರ್ಣೋದ್ಧಾರ ಮಾಡಿದ ವಾಸ್ತುಶಿಲ್ಪಿಯ ಹೆಸರಿದೆ, ತೇಗ ಬರ್ಮಾದ್ದು ಎಂದಿದೆ. ಮರ ಯಾವ ಊರಿಂದ ಬಂತು ಎಂದು ಗೊತ್ತು, ಮರಗೆಲಸದವರು ಯಾವ ಊರಿಂದ ಬಂದರು ಎಂದು ಗೊತ್ತಿಲ್ಲ.

ಜೀರ್ಣೋದ್ಧಾರಕ್ಕೂ ಗ್ರಂಥಸಂಪಾದನೆಗೂ ಬಹಳ ಹೋಲಿಕೆ ಇದೆ. ಒಂದು ಕಾವ್ಯದ ಐದು ಪ್ರತಿಗಳು ಐದು ರೀತಿ ಇದ್ದರೆ ಸಂಪಾದಕ ಒಂದು ಪಾಠ ಆರಿಸಬೇಕು. ಮನೆಯೂ ಹಾಗೆ. ಒಬ್ಬರು ಕಟ್ಟಿದ್ದು, ಮೊಮ್ಮಕ್ಕಳು ಭಾಗ ಮಾಡಿ ನಡುಗೋಡೆ ಎಬ್ಬಿಸಿದ್ದು, ಯಾರೋ ಕೆಂಪು ರೆಡ್ ಆಕ್ಸೈಡ್ ನೆಲ ಹಾಕಿಸಿದ್ದು, ಇನ್ಯಾರೋ ಬಾಡಿಗೆಗೆ ಅಂಗಡಿ ತೆರೆದದ್ದು. ಇದರಲ್ಲಿ ಯಾವುದು ಮನೆ? ನನ್ನ ಹೋಟೆಲಿನಲ್ಲಿ ನಡುಗೋಡೆಗಳನ್ನೆಲ್ಲ ತೆಗೆದಿದ್ದಾರೆ, ನೆಲಕ್ಕೆ ಚೆಟ್ಟಿನಾಡಿನ ಆತ್ತಂಗುಡಿ ಹೆಂಚು ಹಾಸಿದ್ದಾರೆ. ನೋಡಲು ಚೆಂದ. ಆದರೆ ಡಿ.ಎಲ್. ನರಸಿಂಹಾಚಾರ್ಯರ ಗ್ರಂಥಸಂಪಾದನೆಯ ಪಾಠ ಓದಿ ಬೆಳೆದ ನಮಗೆ ಒಂದು ಅಭ್ಯಾಸ: ಬಿಟ್ಟ ಪಾಠಾಂತರವನ್ನು ಅಡಿಯಲ್ಲಿ ಕೊಡಬೇಕು. ಮನೆಗೆ ಅಡಿಟಿಪ್ಪಣಿ ಇಲ್ಲ. ತೆಗೆದ ಗೋಡೆ ಹೋದಹಾಗೇ. ಆ ಗೋಡೆಯ ಆಚೀಚೆ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರೂ ಹೋದರು.

ಪುದುಚೇರಿಯಲ್ಲಿ ಮೂಲ ಎನ್ನುವ ಮಾತೇ ಸ್ವಲ್ಪ ಅಪಾಯದ್ದು. 1761ರಲ್ಲಿ ಬ್ರಿಟಿಷರು ಊರು ಗೆದ್ದು ಫ್ರೆಂಚರ ಭಾಗವನ್ನು ನೆಲಸಮ ಮಾಡಿದರು. ನಾವು ಹಳೆಯದು ಎಂದು ಫೋಟೊ ತೆಗೆಯುವುದೆಲ್ಲ ಆಮೇಲೆ ಕಟ್ಟಿದ್ದು. ಕಡಲದಂಡೆಯ ಮೇರಿ ಕಟ್ಟಡ, ಅಂದರೆ ಹಳೆಯ ಪುರಭವನ, ಹತ್ತೊಂಬತ್ತನೆಯ ಶತಮಾನದ್ದು. 2014ರ ನವೆಂಬರ್ ಮಳೆಯಲ್ಲಿ ಕುಸಿಯಿತು. ಈಗ ಅಲ್ಲಿ ಅದೇ ರೂಪದ ಹೊಸ ಕಟ್ಟಡ ಇದೆ. ಇಂಟ್ಯಾಕ್ ಸಂಸ್ಥೆ 1980ರ ದಶಕದಿಂದ ಇಲ್ಲಿ ಕೆಲಸ ಮಾಡುತ್ತಿದೆ. ತಮಿಳು ಭಾಗದ ವೈಸಿಯಾಳ್ ಬೀದಿಯ ಮನೆಗಳ ಮುಖಗಳನ್ನು ಸಾಲಾಗಿ ಸರಿಮಾಡಿದ್ದಕ್ಕೆ 2008ರಲ್ಲಿ ಯುನೆಸ್ಕೋದ ಏಷ್ಯಾ ಪೆಸಿಫಿಕ್ ಪ್ರಶಸ್ತಿಯೂ ಬಂತು. ಅಷ್ಟಾದರೂ ಅದೇ ಭಾಗದಲ್ಲಿ ನಡೆದರೆ ಎರಡು ಹಳೆಯ ಮನೆಗಳ ನಡುವೆ ಹಲ್ಲು ಕಿತ್ತ ಹಾಗೆ ಖಾಲಿ ಜಾಗ, ಇಲ್ಲವೇ ಗಾಜಿನ ಮುಖದ ಬಟ್ಟೆ ಅಂಗಡಿ. ಹಳೆಯ ಮನೆಯನ್ನು ಇಟ್ಟುಕೊಳ್ಳುವುದಕ್ಕೆ ದುಡ್ಡು ಬೇಕು, ದುಡ್ಡಿಗೆ ಅತಿಥಿಗಳು ಬೇಕು. ಹೋಟೆಲುಗಳನ್ನು ಮೂಗುಮುರಿದು ನೋಡುವವರು ಇದನ್ನು ಮರೆಯುತ್ತಾರೆ.

ಜನವರಿಯಲ್ಲಿ ಎಂಟು ತಿಂಗಳ ಫೆಲೋಶಿಪ್ ಬಾಕಿ ಒಟ್ಟಿಗೇ ಬಂತು. ಅಪ್ಪನನ್ನು ಕರೆದುಕೊಂಡು ಹೋದೆ. ಅವ್ವ ಬರಲಿಲ್ಲ. ಹಸು ಬಿಟ್ಟು ಬರೋಕಾಯ್ತದಾ ಎಂದಳು.

ಬೆಂಗಳೂರಿನಿಂದ ರಾತ್ರಿ ಬಸ್ಸು, ಬೆಳಗಿನ ಆರಕ್ಕೆ ಇಳಿದೆವು. ಹೋಟೆಲಿನ ಮುಂದೆ ಅಪ್ಪ ಚಪ್ಪಲಿ ಬಿಟ್ಟ. ಬಿಡೋದು ಬೇಡಪ್ಪ, ಎಲ್ಲರೂ ಹಾಕ್ಕೊಂಡೇ ಹೋಗ್ತಾರೆ ಎಂದೆ. ಕೇಳಲಿಲ್ಲ. ಮ್ಯಾನೇಜರ್ ಎಳನೀರು ತಂದುಕೊಟ್ಟ. ಅದನ್ನು ಕುಡಿದು, ಕೋಣೆ ಸಿದ್ಧವಾಗಿದ್ದರೂ ಅರ್ಧ ಗಂಟೆ ಜಗಲಿಯ ಮೇಲೇ ಕೂತಿದ್ದ. ಕಂಬದ ಬೋದಿಗೆ ನೋಡಿದ, ಇಳಿಮಾಡಿನ ಹೆಂಚು ಎಣಿಸಿದ. ಒಳಗೆ ಬಾ ಎಂದು ನಾನು ಮತ್ತೆ ಕರೆಯಲಿಲ್ಲ. ತಾನಾಗಿ ಎದ್ದು ಬಂದ.

ಕೋಣೆಗೆ ಬಂದವನು ಹಾಸಿಗೆಯ ಕಡೆ ನೋಡಲೇ ಇಲ್ಲ. ಮೊದಲು ಬೆರಳ ಹಿಂಬದಿ ಗೋಡೆಗೆ ತಾಗಿಸಿದ, ಆಮೇಲೆ ಅಂಗೈ. ಆಮೇಲೆ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿಯುತ್ತಾ ಕೋಣೆಯನ್ನು ಒಂದು ಸುತ್ತು ಬಂದ. ವೈದ್ಯರು ಎದೆ ನೋಡುವ ಹಾಗೆ. "ಒಳ್ಳೇ ಕೆಲಸ. ಮ್ಯಾಲೆ ಬಣ್ಣ ಹೊಡೆದಿಲ್ಲ, ಬುದ್ಧಿವಂತರು" ಅಂದ. ಬಚ್ಚಲಿನ ಕಡೆಯ ಗೋಡೆಗೆ ಬಂದಾಗ ಸದ್ದು ಬದಲಾಯಿತು. ಮಂಚ ಸರಿಸು ಅಂದ. ಸರಿಸಿದೆವು. ಸ್ವಿಚ್‌ಬೋರ್ಡಿನ ಕೆಳಗೆ, ಪೈಪು ಹಾಕಲು ಗೋಡೆ ಕೊರೆದು ಮುಚ್ಚಿದ ಜಾಗದ ಸುತ್ತ, ಗಾರೆ ಉಬ್ಬಿ ಬಿಳಿ ಉಪ್ಪು ಎದ್ದಿತ್ತು. ಆಗಷ್ಟೇ ಮುಗಿದ ಹಿಂಗಾರು ಮಳೆಯ ನೀರು.

"ಇಲ್ಲಿ ಸಿಮಿಟು ಮೆತ್ತವ್ರೆ ಕಣವ್ವ. ಕರೆಂಟಿನೋರು ಮಾಡಿರ್ತಾರೆ. ನೆಲದಿಂದ ಏರಿದ ತ್ಯಾವ ಸುಣ್ಣದಾಗೆ ಆಚೆ ಹೋಯ್ತದೆ, ಸಿಮಿಟಿನಾಗೆ ಹೋಗಕ್ಕಿಲ್ಲ. ಪಕ್ಕಕ್ಕೆ ತಳ್ಳಿ ಒಳ್ಳೇ ಗಾರೆನೂ ಕೆಡಿಸ್ತದೆ."

ಜೀವಮಾನವೆಲ್ಲ ಸಿಮೆಂಟು ಮೆತ್ತಿದವನು ಹೀಗೆ ಹೇಳುವುದನ್ನು ನಾನು ಮೊದಲ ಸಲ ಕೇಳಿದೆ. ಹಾಗಂತ ಅಪ್ಪ ಸುಣ್ಣದ ಭಕ್ತನೇನಲ್ಲ. ಊರಿನ ನಮ್ಮ ಮನೆಯನ್ನು ಸಿಮೆಂಟಿನಲ್ಲಿ ಕಟ್ಟಿದ್ದು ಅವನೇ. ಸುಣ್ಣದಲ್ಲಿ ಕಟ್ಟಬಹುದಿತ್ತಲ್ಲ ಎಂದು ಕೇಳಿದರೆ, "ಸುಣ್ಣಕ್ಕೆ ತಾಳ್ಮೆ ಬೇಕು. ತಾಳ್ಮೆಗೆ ಕೂಲಿ ಯಾರು ಕೊಡ್ತಾರೆ?" ಎನ್ನುತ್ತಾನೆ. ಮೂರು ಮಕ್ಕಳ ಓದು, ಅಕ್ಕನ ಮದುವೆ, ಎಲ್ಲ ನಡೆದದ್ದು ಇಪ್ಪತ್ತೆಂಟು ದಿನ ನೀರು ಹಾಕಿದರೆ ಸಾಕು ಎನ್ನುವ ಆ ಬೂದುಬಣ್ಣದ ಚೀಲದಿಂದಲೇ.

ಮ್ಯಾನೇಜರ್ ಹುಡುಗನಿಗೆ ಅಪ್ಪ ತಮಿಳಿನಲ್ಲೇ ಹೇಳಿದ. ಬೆಂಗಳೂರಿನ ಕಟ್ಟಡಗಳಲ್ಲಿ ಧರ್ಮಪುರಿಯವರ ಜೊತೆ ದುಡಿದು ಕಲಿತ ತಮಿಳು ಅದು. ಹುಡುಗ, ಗೊತ್ತು ಅಣ್ಣಾ, ಸುಣ್ಣದ ಮೇಸ್ತ್ರಿ ಸಿಗೋದೇ ಕಷ್ಟ. ಈಗ ಎರಡು ಬೀದಿ ಆಚೆ ಒಂದು ಮನೆಯಲ್ಲಿ ಇದ್ದಾರೆ, ಅದು ಮುಗಿದ ಮೇಲೆ ಬರುತ್ತಾರೆ ಎಂದ. ಅಷ್ಟು ಸಾಕಾಯಿತು. ಕಡಲು, ಭಾರತಿಯವರ ಮನೆ, ಮೇರಿ ಕಟ್ಟಡ, ನಾನು ಹಾಕಿಕೊಂಡ ಪಟ್ಟಿಯೆಲ್ಲ ಹಾಗೇ ಉಳಿಯಿತು.

ಆ ಮನೆ ಸಿಗುವ ಮೊದಲೇ ಅಪ್ಪನಿಗೆ ವಾಸನೆ ಸಿಕ್ಕಿತು. ಬೀದಿಯ ತಿರುವಿನಲ್ಲಿ ನಿಂತುಬಿಟ್ಟ. ಹುಳಿ ಬಂದ ಬೆಲ್ಲದ ನೀರಿನ ನಾತ. ಒಳಗೆ ಹೋದರೆ ನೀಲಿ ಡ್ರಮ್ಮುಗಳಲ್ಲಿ ಅಳಲೆಕಾಯಿ ನೆನೆಹಾಕಿದ್ದರು. ಗಾಣ ಇರಲಿಲ್ಲ, ಮೋಟರಿನ ಗ್ರೈಂಡರ್ ತಿರುಗುತ್ತಿತ್ತು. ಮೇಸ್ತ್ರಿಗೆ ಐವತ್ತು ಇದ್ದೀತು. ಯಾರ ಹತ್ತಿರ ಕಲಿತಿರಿ, ನಿಮ್ಮ ಅಪ್ಪನ ಹತ್ತಿರವಾ ಎಂದು ಅಪ್ಪ ಕೇಳಿದ. ಅಲ್ಲವಂತೆ. ಅವರೂ ಮೊದಲು ಸಿಮೆಂಟಿನವರೇ. ಇಂಥ ಹಳೆಯ ಮನೆಗಳ ಕೆಲಸ ಶುರುವಾದ ಮೇಲೆ, ನಲವತ್ತರ ಹತ್ತಿರ, ಇಂಜಿನಿಯರುಗಳು ಹೇಳಿಕೊಟ್ಟಂತೆ ಕಲಿತದ್ದು. ಅಪ್ಪನಿಗೆ ಇದು ಅಚ್ಚರಿ. ನನಗೆ ಅಷ್ಟಿರಲಿಲ್ಲ. ಓಲೆಗರಿ ಕಳೆದುಹೋದ ಮೇಲೆ ಅಚ್ಚಿನ ಪುಸ್ತಕ ನೋಡಿ ಮತ್ತೆ ಗರಿಯ ಮೇಲೆ ಬರೆದವರೂ ಇದ್ದಾರೆ.

ಸ್ವಲ್ಪ ಹೊತ್ತಿನಲ್ಲಿ ಅಪ್ಪನ ಕೈಗೆ ಕರಣೆ ಬಂತು. ಒಂದು ಮೊಳದಷ್ಟು ಜಾಗ ಬಿಟ್ಟುಕೊಟ್ಟರು. ಅಪ್ಪ ಬಾಂಡ್ಲಿಯಿಂದ ತೆಗೆದು, ಒತ್ತಿ, ಎರಡೇ ಎಳೆತದಲ್ಲಿ ಮಟ್ಟ ಮಾಡಿ, ಮುಗಿಯಿತು ಎನ್ನುವ ಹಾಗೆ ಹಿಂದೆ ಸರಿದ. ಮೇಸ್ತ್ರಿ ನಕ್ಕರು. ಅದು ಸಿಮೆಂಟಿನ ಕೈ ಅಣ್ಣಾ ಎಂದರು. ಸುಣ್ಣ ಒಣಗುತ್ತಾ ಕುಗ್ಗುತ್ತದೆ, ಬಿರುಕು ಬಿಡುತ್ತದೆ. ಸಂಜೆ ಮತ್ತೆ ಬಂದು ಒತ್ತಬೇಕು, ನಾಳೆ ಮತ್ತೆ, ನಾಡಿದ್ದು ಮತ್ತೆ. ಅಪ್ಪ ಸಂಜೆ ಹೋದ. ಮರುದಿನ ಬೆಳಿಗ್ಗೆ ನಾನು ಇನ್‌ಸ್ಟಿಟ್ಯೂಟ್‌ಗೆ ಹೊರಟಾಗ, ಹೋಟೆಲಿನವರು ಕೊಡುವ ಕಾಫಿ ತಿಂಡಿ ಅಲ್ಲೇ ಬಿಟ್ಟು ಅಪ್ಪ ಹೊರಟಿದ್ದ. ಎರಡು ರಾತ್ರಿಗೆ ನಾನು ಕೊಟ್ಟ ಬಾಡಿಗೆಯಲ್ಲಿ ಅವನು ಆ ಕೋಣೆಯಲ್ಲಿ ಇದ್ದದ್ದು ನಿದ್ದೆಗೆ ಮಾತ್ರ.

ವಾಪಸಾಗುವ ರಾತ್ರಿ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದೆವು. ಮೇಸ್ತ್ರಿಯ ದಿನಗೂಲಿ ಸಿಮೆಂಟಿನವರಿಗಿಂತ ಇನ್ನೂರು ಹೆಚ್ಚಂತೆ, ಆದರೆ ವರ್ಷದಲ್ಲಿ ಐದಾರು ತಿಂಗಳೇ ಕೆಲಸವಂತೆ. ಅಪ್ಪ ಅದರ ಲೆಕ್ಕ ಹಾಕುತ್ತಿದ್ದ. ಲೆಕ್ಕ ಮುಗಿಸಿ, ನಿನ್ನ ಕೆಲಸ ಏನಾಯ್ತು ಎಂದು ಕೇಳಿದ. ಆ ದಿನ ಓದಿದ ಗರಿಯ ಬಗ್ಗೆ ಹೇಳಿದೆ. ಬರೆದವನು ತನ್ನ ಹೆಸರು, ಅಪ್ಪನ ಹೆಸರು, ಊರು, ತಿಥಿ ಎಲ್ಲ ಬರೆದಿದ್ದಾನೆ ಎಂದೆ.

"ಕೂಲಿ ಎಷ್ಟು ಅಂತ ಬರೆದವ್ನಾ?"

"ಇಲ್ಲಪ್ಪ. ನಾನು ನೋಡಿರೋದ್ರಲ್ಲಿ ಯಾರೂ ಬರೆದಿಲ್ಲ."

"ಸಿಕ್ಕಿದ್ರೆ ಬರೀತಿದ್ದ" ಎಂದು ಅಪ್ಪ ಕಾಲು ಚಾಚಿದ. ಸುಣ್ಣಕ್ಕೆ ಅವನ ಬೆರಳ ಸಂದುಗಳು ಸೀಳಿದ್ದವು. ಎದುರಿನ ಅಂಗಡಿಯಲ್ಲಿ ಒಂದು ಕೊಬ್ಬರಿ ಎಣ್ಣೆಯ ಪ್ಯಾಕೆಟ್ ತಗೊಂಬಾ ಅಂದ.